ಕೇಳಿ, ಲೆಕ್ಕ ಹೇಳುತ್ತೇನೆ: 2147483647ರ ಬೆನ್ನು ಹತ್ತಿ

ಕಳೆದ ಸಂಚಿಕೆಯಲ್ಲಿ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಬರೆದದ್ದೇ ತಡ, ಪತ್ರಗಳು ಒಂದರ ಹಿಂದೊಂದು ಬಂದವು. ಹೆಚ್ಚಿನವರು ಒಂದೇ ಸಂಖ್ಯೆಯನ್ನು ಹಿಡಿದುಕೊಂಡಿದ್ದಾರೆ. ಹಾಗಾಗಿ ಬಡ್ಡಿ ಲೆಕ್ಕ ಕೇಳಿದವರು, ಜಮೀನಿನ ಗುಂಟೆ ಲೆಕ್ಕ ಕೇಳಿದವರು ಮುಂದಿನ ತಿಂಗಳವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಅಣ್ಣ ಕಂಪ್ಯೂಟರಿನಲ್ಲಿ 2147483647ಕ್ಕೆ 1 ಕೂಡಿಸಿದಾಗ ಉತ್ತರ −2147483648 ಎಂದು ಬಂತು. ಜೊತೆಗೆ ಈ ಸಂಖ್ಯೆ ಅವಿಭಾಜ್ಯ, ಅದನ್ನು 250 ವರ್ಷಗಳ ಹಿಂದೆಯೇ ಸಾಧಿಸಿದ್ದರು ಎಂದೂ ಹೇಳಿದ. ಕ್ಯಾಲ್ಕುಲೇಟರ್ ಕೂಡ ಇಲ್ಲದೆ ಹತ್ತು ಅಂಕಿಯ ಸಂಖ್ಯೆಯನ್ನು ಹೇಗೆ ಪರೀಕ್ಷಿಸಿದರು?
(ವಿದ್ಯಾರ್ಥಿನಿ, ಶಿರಸಿ)

ಉತ್ತರ: ಅಣ್ಣನ ಕಂಪ್ಯೂಟರಿನ ವಿಷಯ ಸುಲಭ, ಮೊದಲು ಅದನ್ನು ಮುಗಿಸೋಣ. ಒಂದು ಪೂರ್ಣಾಂಕಕ್ಕೆ ಯಂತ್ರ 32 ಮನೆಗಳನ್ನು ಕೊಟ್ಟಿದೆ. ಒಂದೊಂದು ಮನೆಯಲ್ಲಿ 0 ಅಥವಾ 1. ಎಡತುದಿಯ ಮನೆ ಧನವೋ ಋಣವೋ ಎಂದು ತಿಳಿಸಲು ಮೀಸಲು. ಉಳಿದ 31 ಮನೆಗಳಲ್ಲೂ 1 ತುಂಬಿದರೆ ಬರುವುದು 2³¹ − 1, ಅಂದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಇನ್ನೊಂದು ಕೂಡಿಸಿದೊಡನೆ ಕೈಯಲ್ಲಿ ಉಳಿದ ಒಂದು ಮನೆಯಿಂದ ಮನೆಗೆ ಸಾಗಿ ಚಿಹ್ನೆಯ ಮನೆಗೇ ಹೋಗಿ ಕೂರುತ್ತದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿರುವ ಹಳೆಯ 32 ಮನೆಗಳ ವ್ಯವಸ್ಥೆಗಳಿಗೂ ಇದೇ ಗತಿ. 2038ರ ಜನವರಿ 19ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಅವುಗಳ ಎಣಿಕೆ ಈ ಸಂಖ್ಯೆಯನ್ನು ಮುಟ್ಟುತ್ತದೆ. ಮರುಸೆಕೆಂಡಿಗೆ ಅವು 1901ನೇ ಇಸವಿಗೆ ಜಾರುತ್ತವೆ. ಆದರೆ ಯಂತ್ರದ ಮಿತಿಗೂ ಅವಿಭಾಜ್ಯತೆಗೂ ನಂಟಿಲ್ಲ. 64 ಮನೆಗಳ ಯಂತ್ರದ ಮಿತಿ 2⁶³ − 1. ಅದನ್ನು 7 ಸಲೀಸಾಗಿ ಭಾಗಿಸುತ್ತದೆ.

ಈಗ ನಿನ್ನ ನಿಜವಾದ ಪ್ರಶ್ನೆ. ಈ ಸಂಖ್ಯೆ ಅವಿಭಾಜ್ಯ ಎಂದು ಸಾಧಿಸಿದವನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್. 1772ರ ಸುಮಾರಿಗೆ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಬರ್ನೂಲಿ ಮನೆತನದವರೊಬ್ಬರಿಗೆ ಬರೆದ ಪತ್ರದಲ್ಲಿ ಅದನ್ನು ತಿಳಿಸಿದ. ಆಗ ಅವನ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು.

ಶಾಲೆಯಲ್ಲಿ ಕಲಿತ ದಾರಿ ನಿನಗೆ ಗೊತ್ತು: ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡುವುದು. 2147483647ರ ವರ್ಗಮೂಲ 46340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೆ 4,700ಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಮಾಡಲಾಗದ್ದೇನಲ್ಲ, ಆದರೆ ಬುದ್ಧಿ ಇರುವವರು ಮಾಡುವ ಕೆಲಸವೂ ಅಲ್ಲ. ಈ ಸಂಖ್ಯೆ ಯಾವುದೋ ಹತ್ತು ಅಂಕಿಗಳ ರಾಶಿಯಲ್ಲ, ಅದು 2³¹ − 1. ಆ ರೂಪವೇ ತನ್ನ ಭಾಜಕಗಳು ಎಲ್ಲೆಲ್ಲಿ ಇರಬಹುದು, ಎಲ್ಲೆಲ್ಲಿ ಇರಲಾರವು ಎಂದು ಹೇಳಿಬಿಡುತ್ತದೆ.

ಹೇಗೆ? 23ನ್ನು ತೆಗೆದುಕೋ. 2ರಿಂದ ಶುರುಮಾಡಿ ಇಮ್ಮಡಿಸುತ್ತ ಹೋಗು, 23 ದಾಟಿದಾಗಲೆಲ್ಲ 23 ಕಳೆದು ಶೇಷವನ್ನಷ್ಟೇ ಬರೆ: 2, 4, 8, 16, 9, 18, 13, 3, 6, 12, 1. ಹನ್ನೊಂದನೆಯ ಹೆಜ್ಜೆಗೆ 1 ಬಂತು. ಅಂದರೆ 2¹¹ − 1 ಅನ್ನು 23 ಭಾಗಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು 23ರಲ್ಲಿ ಒಂದು ಕಳೆದರೆ 22, ಅದು 11ರ ಗುಣಕ. ಇದು ಆಕಸ್ಮಿಕವಲ್ಲ. ಯಾವುದೇ ಬೆಸ ಅವಿಭಾಜ್ಯಕ್ಕೆ ಹೀಗೆ ಮಾಡಿದರೂ, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಹೆಜ್ಜೆಗೆ 1 ಬಂದೇ ಬರುತ್ತದೆ ಎಂದು ಫ್ರಾನ್ಸಿನ ಗಣಿತಜ್ಞ ಫರ್ಮಾ ಹೇಳಿದ್ದ. ಈಗ ಯಾವುದೋ ಒಂದು ಅವಿಭಾಜ್ಯ 2³¹ − 1 ಅನ್ನು ಭಾಗಿಸುತ್ತದೆ ಎಂದುಕೋ. ಆಗ 31ನೆಯ ಹೆಜ್ಜೆಗೂ 1 ಬರಬೇಕು. 31 ಸ್ವತಃ ಅವಿಭಾಜ್ಯವಾದ್ದರಿಂದ ಆವರ್ತನೆಯ ಉದ್ದ, ಅಂದರೆ ಒಂದು 1ರಿಂದ ಮುಂದಿನ 1ಕ್ಕೆ ಇರುವ ಹೆಜ್ಜೆಗಳು, ಸರಿಯಾಗಿ 31, ಅದಕ್ಕಿಂತ ಚಿಕ್ಕದಿರಲಾರದು. ಹಾಗಾಗಿ ಆ ಭಾಜಕದಲ್ಲಿ ಒಂದು ಕಳೆದರೆ ಉಳಿಯುವುದು 31ರ ಗುಣಕ. ಭಾಜಕ ಬೆಸವಾದ್ದರಿಂದ ಅದು ಸಮವೂ ಹೌದು, ಎಂದರೆ 62ರ ಗುಣಕ. ಪಟ್ಟಿ ಒಂದೇ ಏಟಿಗೆ ಇಷ್ಟಕ್ಕಿಳಿಯಿತು: 63, 125, 187, 249, 311…

ಆಯ್ಲರ್ ಅಲ್ಲಿಗೂ ನಿಲ್ಲಲಿಲ್ಲ. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಎನ್ನುವುದು 2¹⁶ರ ವರ್ಗ. ಒಂದು ವರ್ಗಸಂಖ್ಯೆ ಶೇಷ 2 ಕೊಡುವುದು, 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಬೆಸ ಅವಿಭಾಜ್ಯಗಳಲ್ಲಿ ಮಾತ್ರ. ಮೇಲಿನ ಪಟ್ಟಿಯಲ್ಲಿ 125, 187 ಬಿದ್ದುಹೋದವು. 63, 249, 311 ಉಳಿದವು. ಒಟ್ಟಿನಲ್ಲಿ ಭಾಜಕವಾಗುವ ಯೋಗ್ಯತೆ ಇರುವುದು 248ರ ಗುಣಕಕ್ಕೆ 1 ಅಥವಾ 63 ಕೂಡಿಸಿದ ಸಂಖ್ಯೆಗಳಿಗೆ ಮಾತ್ರ. 46340ರೊಳಗೆ ಅಂಥವು, ಅವಿಭಾಜ್ಯವಲ್ಲದ 63ನ್ನು ಬಿಟ್ಟು, 372. ಅವುಗಳಲ್ಲೂ 249, 497, 559 ಹೀಗೆ ಮೂರರಿಂದಲೋ ಏಳರಿಂದಲೋ ಹದಿಮೂರರಿಂದಲೋ ಒಡೆಯುವವನ್ನು ತೆಗೆದರೆ ಉಳಿಯುವುದು ಎಂಬತ್ತರ ಆಸುಪಾಸು. ಮೊದಲನೆಯದು 311, ಅದಾದ ಮೇಲೆ 1303. ನಾಲ್ಕು ಸಾವಿರದ ಏಳುನೂರು ಎಲ್ಲಿ, ಎಂಬತ್ತೆಲ್ಲಿ!

311ನ್ನು ಇಲ್ಲೇ ಪರೀಕ್ಷಿಸಿ ಬಿಡೋಣ. ಹತ್ತು ಅಂಕಿಯ ಭಾಗಾಕಾರ ಬೇಡ. ನಮ್ಮ ಪಿಂಗಲನ ಛಂದಃಸೂತ್ರದ ಉಪಾಯ ಸಾಕು. ಇಷ್ಟು ಅಕ್ಷರಗಳ ಪಾದದಲ್ಲಿ ಲಘು-ಗುರುಗಳ ಎಷ್ಟು ಪ್ರಸ್ತಾರಗಳು ಎಂದು ಎಣಿಸಲು ಅವನಿಗೆ 2ರ ಘಾತಗಳು ಬೇಕಾಗಿದ್ದವು. ಅವನ ವಿಧಾನ: ಘಾತಾಂಕ ಸಮವಾದರೆ ಅರ್ಧ ಮಾಡು, ಬೆಸವಾದರೆ ಒಂದು ಕಳೆ, ಸೊನ್ನೆಗೆ ಬಂದ ಮೇಲೆ ಅದೇ ದಾರಿಯಲ್ಲಿ ವಾಪಸು ಬರುವಾಗ ಅರ್ಧ ಮಾಡಿದಲ್ಲಿ ವರ್ಗಿಸು, ಒಂದು ಕಳೆದಲ್ಲಿ ಇಮ್ಮಡಿಸು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಗುಣೋತ್ತರ ಶ್ರೇಢಿಗೆ ಬಳಸಿದ್ದೂ ಇದನ್ನೇ. 31ರಿಂದ ಇಳಿದರೆ 30, 15, 14, 7, 6, 3, 2, 1, 0. ಹತ್ತುವಾಗ 311ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡರೆ:

2³ = 8
2⁶ → 64
2⁷ → 128
2¹⁴ → 128ರ ವರ್ಗ 16384, ಶೇಷ 212
2¹⁵ → 424, ಶೇಷ 113
2³⁰ → 113ರ ವರ್ಗ 12769, ಶೇಷ 18
2³¹ → 36

ಒಂದು ಕಳೆದರೆ 35. ಸೊನ್ನೆ ಬರಲಿಲ್ಲ, ಆದ್ದರಿಂದ 311 ಭಾಜಕವಲ್ಲ. ನಂಬಿಕೆ ಬರದಿದ್ದರೆ ನೇರವಾಗಿ ಭಾಗಿಸಿ ನೋಡು: ಭಾಗಲಬ್ಧ 6905092, ಶೇಷ 35. 1303ಕ್ಕೂ ಹೀಗೆಯೇ ಮಾಡು, ಶೇಷ 226 ಬರಬೇಕು. ಒಂದಕ್ಕೆ ಐದು ನಿಮಿಷ ಹಿಡಿದರೂ ಎಂಬತ್ತನ್ನು ಒಂದು ದಿನದಲ್ಲಿ ಮುಗಿಸಬಹುದು. ಬೇಸಿಗೆ ರಜೆಯಲ್ಲಿ ಇಷ್ಟು ಮಾಡಿದರೆ, ಅಣ್ಣ ಹೇಳಿದ್ದು ನಿಜವೇ ಎಂದು ನನ್ನನ್ನು ಕೇಳಬೇಕಾಗಿಲ್ಲ.

ಪ್ರಶ್ನೆ: 31 ಅವಿಭಾಜ್ಯ. ಹಾಗಾಗಿ 2³¹ − 1 ಕೂಡ ಅವಿಭಾಜ್ಯ ಎಂದರೆ ಮುಗಿಯಿತಲ್ಲ? ಇಷ್ಟೆಲ್ಲ ಕಸರತ್ತು ಏಕೆ?
(ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ)

ಉತ್ತರ: ರಾಯರೇ, ನಿಮ್ಮ ಹಾಗೆ ಧೈರ್ಯ ಮಾಡಿದವರು ಹಿಂದೆಯೂ ಇದ್ದರು. 11 ಅವಿಭಾಜ್ಯವೇ, ಆದರೆ 2¹¹ − 1 ಎಂದರೆ 2047 = 23 × 89. ಇಟಲಿಯ ಕಟಾಲ್ಡಿ 17 ಮತ್ತು 19ನ್ನು ಕಷ್ಟಪಟ್ಟು ಪರೀಕ್ಷಿಸಿ ಗೆದ್ದ. ಆ ಹುಮ್ಮಸ್ಸಿನಲ್ಲಿ 23, 29, 31, 37 ಘಾತಾಂಕಗಳಿಗೂ ಅವಿಭಾಜ್ಯವೇ ಬರುತ್ತದೆ ಎಂದುಬಿಟ್ಟ. 2²³ − 1 ಅನ್ನು 47 ಭಾಗಿಸುತ್ತದೆ, 2³⁷ − 1 ಅನ್ನು 223. ಇವೆರಡನ್ನೂ ಫರ್ಮಾ ತೋರಿಸಿದ. 2²⁹ − 1 = 233 × 1103 × 2089, ಇದು ಆಯ್ಲರ್‌ನ ಕೆಲಸ. ನಾಲ್ಕರಲ್ಲಿ ಉಳಿದದ್ದು 31 ಒಂದೇ. ಮೇಲೆ ಶಿರಸಿಯ ಹುಡುಗಿಗೆ ಹೇಳಿದ ಸೂತ್ರವನ್ನು ಈ ಭಾಜಕಗಳಿಗೆ ಹಚ್ಚಿ ನೋಡಿ: 47 = 2 × 23 + 1, 223 = 6 × 37 + 1, 233 = 8 × 29 + 1. ಎಲ್ಲವೂ ಹೇಳಿದ ಜಾಗದಲ್ಲೇ ಸಿಕ್ಕಿವೆ.

ನಿಮ್ಮ ಮಾತನ್ನು ತಿರುಗಿಸಿದರೆ ಮಾತ್ರ ಸರಿ. ಘಾತಾಂಕ ಒಡೆಯುವಂಥದ್ದಾದರೆ ಸಂಖ್ಯೆಯೂ ಒಡೆಯುತ್ತದೆ. ಘಾತಾಂಕ ಒಡೆಯದಿದ್ದರೆ ಪರೀಕ್ಷೆ ಬರೆಯಲು ಅರ್ಹತೆ ಸಿಕ್ಕಿತು, ಪಾಸಾಯಿತು ಎಂದಲ್ಲ.

ಪ್ರಶ್ನೆ: ಈ ಸಂಖ್ಯೆಯಿಂದ ಒಂದು ‘ಪರಿಪೂರ್ಣ ಸಂಖ್ಯೆ’ ಹುಟ್ಟುತ್ತದೆ ಎಂದು ಓದಿದೆ. ಏನದು?
(ಪ್ರೌಢಶಾಲಾ ಶಿಕ್ಷಕಿ, ಪುತ್ತೂರು)

ಉತ್ತರ: 28ರ ಭಾಜಕಗಳಲ್ಲಿ 28ನ್ನು ಬಿಟ್ಟು ಉಳಿದವನ್ನು ಕೂಡಿಸಿ: 1 + 2 + 4 + 7 + 14 = 28. ಇಂಥದ್ದೇ ಪರಿಪೂರ್ಣ ಸಂಖ್ಯೆ. 28 = 4 × 7, ಅಂದರೆ 2² × (2³ − 1). ಈ ಜೋಡಿಯಲ್ಲಿ ಆವರಣದೊಳಗಿನದು ಅವಿಭಾಜ್ಯವಾದರೆ ಗುಣಲಬ್ಧ ಪರಿಪೂರ್ಣ ಎಂದು ಯೂಕ್ಲಿಡ್ ಸಾಧಿಸಿದ್ದ. ನಮ್ಮ ಸಂಖ್ಯೆ ಕೊಡುವುದು 2³⁰ × 2147483647 = 2305843008139952128, ಎಂಟನೆಯ ಪರಿಪೂರ್ಣ ಸಂಖ್ಯೆ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ, ಇದಕ್ಕಿಂತ ದೊಡ್ಡದನ್ನು ಯಾರೂ ಎಂದೂ ಕಂಡುಹಿಡಿಯಲಾರರು, ಉಪಯೋಗವಿಲ್ಲದ ಕುತೂಹಲಕ್ಕಾಗಿ ಅಷ್ಟು ಶ್ರಮ ಪಡುವವರು ಯಾರು ಎಂಬರ್ಥದ ಮಾತು ಬರೆದ. ಜನರ ಹುಚ್ಚನ್ನು ಅವನು ಸರಿಯಾಗಿ ಅಂದಾಜು ಮಾಡಿರಲಿಲ್ಲ. 1876ರಲ್ಲಿ ಫ್ರಾನ್ಸಿನ ಎದುವಾರ್ ಲೂಕಾ 2¹²⁷ − 1 ಅವಿಭಾಜ್ಯ ಎಂದ. 1883ರಲ್ಲಿ ಪೆರ್ವುಶಿನ್ ಎಂಬ ರಷ್ಯನ್ ಪಾದ್ರಿ 2⁶¹ − 1 ಅನ್ನು ಗೆದ್ದ. ಇಬ್ಬರೂ ಕೈಯಿಂದಲೇ ಲೆಕ್ಕ ಹಾಕಿದವರು.

ಪ್ರಶ್ನೆ: ನಾನು ಎಲ್ಲರಿಗಿಂತ ದೊಡ್ಡ ಅವಿಭಾಜ್ಯವನ್ನು ಕಂಡುಹಿಡಿದಿದ್ದೇನೆ. 3, 7, 31, 127 ಇವನ್ನು 2ರ ಘಾತಾಂಕವಾಗಿಟ್ಟು ಒಂದು ಕಳೆದರೆ ಅವಿಭಾಜ್ಯಗಳೇ ಬರುತ್ತವೆ. ಆದ್ದರಿಂದ 2147483647ನ್ನೇ ಘಾತಾಂಕವಾಗಿಟ್ಟರೂ ಅವಿಭಾಜ್ಯ ಬರಬೇಕು. ಪೇಟೆಂಟ್ ಪಡೆಯುವುದು ಹೇಗೆ?
(ಉದ್ಯಮಿ, ಬೆಳಗಾವಿ)

ಉತ್ತರ: ಪೇಟೆಂಟ್ ಸಿಗುವುದಿಲ್ಲ. ಗಣಿತದ ವಿಧಾನಗಳಿಗೆ ನಮ್ಮ ಪೇಟೆಂಟ್ ಕಾಯಿದೆಯಲ್ಲಿ ಅವಕಾಶವೇ ಇಲ್ಲ. ನಿಮ್ಮ ಸಂಖ್ಯೆಗೂ ಅವಕಾಶವಿಲ್ಲ. ನಾಲ್ಕು ಉದಾಹರಣೆ ಕೊಟ್ಟಿರಿ, ಆದರೆ ನಡುವಿನ ಒಂದನ್ನು ಹಾರಿಸಿದಿರಿ. 2¹³ − 1 = 8191 ಕೂಡ ಅವಿಭಾಜ್ಯ. 8191ನ್ನು ಘಾತಾಂಕವಾಗಿಟ್ಟರೆ ಬರುವ ಸಂಖ್ಯೆಯನ್ನು 338193759479 ಭಾಗಿಸುತ್ತದೆ.

ನೀವು ಹೇಳುವ ಸಂಖ್ಯೆಗೆ 64 ಕೋಟಿಗೂ ಹೆಚ್ಚು ಅಂಕಿಗಳಿವೆ, ಬರೆದು ಮುಗಿಸಲು ಒಂದು ಜನ್ಮ ಸಾಲದು. ಆದರೂ ಅದನ್ನು ಮುರಿಯಲು ಹದಿನೈದು ಅಂಕಿಯ ಒಂದು ಸಂಖ್ಯೆ ಸಾಕಾಯಿತು: 295257526626031. ಇದರಲ್ಲಿ 1 ಕಳೆದು 2147483647ರಿಂದ ಭಾಗಿಸಿ, ನಂತರ 2ರಿಂದ ಭಾಗಿಸಿ. ಸರಿಯಾಗಿ 68745 ಬರುತ್ತದೆ. ಭಾಜಕ ಇರಬೇಕಾದ ಜಾಗದಲ್ಲೇ ಇದೆ ಎಂದಾಯಿತು. ಅದು ನಿಜವಾಗಿಯೂ ಭಾಗಿಸುತ್ತದೆಯೇ ಎಂದು ನೋಡಲು ಮತ್ತೆ ಪಿಂಗಲನ ಉಪಾಯ: ವರ್ಗಿಸು, ಶೇಷ ತೆಗೆ. ಹತ್ತಿರ ಹತ್ತಿರ ಮೂವತ್ತು ವರ್ಗಗಳಿಗೆ ಕೆಲಸ ಮುಗಿಯುತ್ತದೆ. ನಾಲ್ಕು ಉದಾಹರಣೆಗೆ ನಿಯಮ ಹೊಸೆಯುವವರ ಪತ್ರಗಳು ನನಗೆ ಬರುತ್ತಲೇ ಇರುತ್ತವೆ. ಬೇಸರವಿಲ್ಲ, ಆದರೆ ಐದನೆಯದನ್ನೂ ನೋಡಿ ಬರೆಯಿರಿ.

ಪ್ರಶ್ನೆ: ಮೊಬೈಲ್‌ನಲ್ಲಿ ಲೂಡೊ ಆಡುವಾಗ ನನಗೆ ಆರು ಬೀಳುವುದೇ ಇಲ್ಲ. ಯಂತ್ರ ದಾಳ ಹಾಕುವುದು ಹೇಗೆ?
(ಗೃಹಿಣಿ, ಮಂಡ್ಯ)

ಉತ್ತರ: ನಿಮ್ಮ ಮೊಬೈಲಿನ ಆಟದ ಒಳಗೆ ಏನಿದೆಯೋ ಅದನ್ನು ಮಾಡಿದವರನ್ನೇ ಕೇಳಬೇಕು. ಯಂತ್ರಗಳ ಒಂದು ಹಳೆಯ ದಾಳವನ್ನು ಮಾತ್ರ ತೋರಿಸಬಲ್ಲೆ, ಅದರ ಹೊಟ್ಟೆಯಲ್ಲಿರುವುದು ನಮ್ಮ ಸಂಖ್ಯೆಯೇ. 1ರಿಂದ ಆರಂಭಿಸಿ. 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. ಅದನ್ನು ಮತ್ತೆ 16807ರಿಂದ ಗುಣಿಸಿ… ಬರುವುದು 16807, 282475249, 1622650073, 984943658, ಹೀಗೆ. ನೋಡಿದವರಿಗೆ ತಲೆಬುಡ ತಿಳಿಯದು. ಇದನ್ನು 6ರಿಂದ ಭಾಗಿಸಿ ಶೇಷಕ್ಕೆ ಒಂದು ಕೂಡಿಸಿದರೆ ದಾಳವಾಯಿತು. ಸೊಗಸು ಇರುವುದು ಇಲ್ಲಿ: 1ರಿಂದ 2147483646ರವರೆಗಿನ ಒಂದೊಂದು ಸಂಖ್ಯೆಯೂ ಸರಿಯಾಗಿ ಒಂದೊಂದು ಸಲ ಬಂದು ಹೋದ ಮೇಲೆಯೇ ಮತ್ತೆ 1 ಬರುತ್ತದೆ. ಭಾಗಿಸುವ ಸಂಖ್ಯೆ ಅವಿಭಾಜ್ಯವಾಗಿರದಿದ್ದರೆ ಹೀಗೆ ಒಂದನ್ನೂ ಬಿಡದೆ ಸುತ್ತಿ ಬರುವುದು ಸಾಧ್ಯವಿರಲಿಲ್ಲ. 16807 ಎಂಬುದು 7ರ ಐದನೆಯ ಘಾತ, ಆ ಆಯ್ಕೆಯೂ ಲೆಕ್ಕ ಹಾಕಿ ಮಾಡಿದ್ದೇ. ಮುಂದಿನದನ್ನು ಯಾರು ಬೇಕಾದರೂ ಗುಣಿಸಿ ಹೇಳಬಹುದಾದ್ದರಿಂದ ಹಣ ಕಟ್ಟುವ ಆಟಕ್ಕೆ ಇದು ಕೆಲಸಕ್ಕೆ ಬಾರದು. ಹಣ ಕಟ್ಟುತ್ತಿಲ್ಲ ತಾನೇ?

ಪ್ರಶ್ನೆ: ಮೊಬೈಲಿನಲ್ಲಿ ಕಳುಹಿಸುವ ಸಂದೇಶಗಳನ್ನು ಕಾಪಾಡುವುದೂ 2147483647 ತಾನೇ?
(ವ್ಯಾಪಾರಿ, ತುಮಕೂರು)

ಉತ್ತರ: ಅಲ್ಲ, ಆ ಕೆಲಸಕ್ಕೆ ಇದು ಬಹಳ ಚಿಕ್ಕದು. ವಾಟ್ಸಾಪ್ ಸಂದೇಶಗಳ ಗೂಢಲಿಪಿಯ ಹಿಂದಿರುವುದು 2²⁵⁵ − 19 ಎಂಬ ಅವಿಭಾಜ್ಯ. ಅದು ಗುಟ್ಟೇನಲ್ಲ, ಎಲ್ಲರಿಗೂ ಗೊತ್ತು. ಗುಟ್ಟಾಗಿರುವುದು ನಿಮ್ಮ ಮೊಬೈಲು ಆರಿಸಿಕೊಂಡ ಇನ್ನೊಂದು ಸಂಖ್ಯೆ. ಆರ್‌ಎಸ್‌ಎ ಎಂಬ ಇನ್ನೊಂದು ಪದ್ಧತಿಯಲ್ಲಿ ಮಾತ್ರ ಎರಡು ದೊಡ್ಡ ಅವಿಭಾಜ್ಯಗಳನ್ನೇ ಬಚ್ಚಿಟ್ಟು ಅವುಗಳ ಗುಣಲಬ್ಧವನ್ನು ಬಹಿರಂಗ ಮಾಡುತ್ತಾರೆ. ಅಲ್ಲಿ ಹೆಸರಾಂತ ಸಂಖ್ಯೆಗಳನ್ನು ಬಳಸಿದರೆ ಬೀಗದ ಮೇಲೆಯೇ ಕೀಲಿ ನೇತುಹಾಕಿದಂತೆ. ನಮ್ಮ ಸಂಖ್ಯೆಯ ಬಳಗದವನೇ ಆದ 2⁵²¹ − 1 ಕೂಡ ಇಂದು ಒಂದು ಅಧಿಕೃತ ಗೂಢಲಿಪಿ ಮಾನದಂಡದಲ್ಲಿದೆ.

ಪ್ರಶ್ನೆ: ದೊಡ್ಡ ಅವಿಭಾಜ್ಯ ಕಂಡುಹಿಡಿದವರಿಗೆ ಬಹುಮಾನವಿದೆಯಂತೆ. ಮಗನ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಸುಮ್ಮನೆ ಇರುತ್ತದೆ. ಪ್ರಯತ್ನಿಸಬಹುದೇ?
(ಓದುಗರು, ಕಲಬುರಗಿ)

ಉತ್ತರ: ಪ್ರಯತ್ನಿಸಬಹುದು. ಹತ್ತು ಕೋಟಿ ಅಂಕಿಗಳ ಅವಿಭಾಜ್ಯಕ್ಕೆ ಅಮೆರಿಕದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಷನ್ ಒಂದೂವರೆ ಲಕ್ಷ ಡಾಲರ್ ಘೋಷಿಸಿದೆ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ದಾಖಲೆ 2ರ ಘಾತ 136279841, ಅದರಲ್ಲಿ ಒಂದು ಕಳೆದದ್ದು. ಕಂಡುಹಿಡಿದವರು ಲ್ಯೂಕ್ ಡ್ಯುರಾಂಟ್. ಅದಕ್ಕೆ 4,10,24,320 ಅಂಕಿಗಳು. ಬಹುಮಾನದ ಅರ್ಧ ದಾರಿಯೂ ಆಗಲಿಲ್ಲ.

ಇಂಥ ಸಂಖ್ಯೆ ಅವಿಭಾಜ್ಯವೇ ಎಂದು ಖಚಿತಪಡಿಸುವ ಪರೀಕ್ಷೆ ಲೂಕಾ ಮೊದಲಿಟ್ಟದ್ದು, ಅಮೆರಿಕದ ಗಣಿತಜ್ಞ ಲೆಹ್ಮರ್ ತಿದ್ದಿದ್ದು. 2⁷ − 1 = 127ಕ್ಕೆ ಮಾಡಿ ತೋರಿಸುತ್ತೇನೆ. 4ರಿಂದ ಶುರು; ಪ್ರತಿ ಸಲ ವರ್ಗಿಸಿ, 2 ಕಳೆದು, 127ರಿಂದ ಭಾಗಿಸಿ ಶೇಷ ಬರೆಯಿರಿ: 4, 14, 67, 42, 111, 0. ಘಾತಾಂಕಕ್ಕಿಂತ ಎರಡು ಕಡಿಮೆ, ಅಂದರೆ ಐದು ಸಲ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 2047ಕ್ಕೆ ಒಂಬತ್ತು ಸಲ ಮಾಡಿದರೆ 1736 ಬಂದು ನಿಲ್ಲುತ್ತದೆ. ಅದು ಒಡೆಯುತ್ತದೆ ಎಂದು ಗೊತ್ತಾಗುತ್ತದೆ, ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಯಾವುದೇ ರೂಪದ ಸಂಖ್ಯೆಯನ್ನೂ ನಿಶ್ಚಿತವಾಗಿ, ಮಿತವಾದ ಹೆಜ್ಜೆಗಳಲ್ಲಿ ಪರೀಕ್ಷಿಸಬಹುದು ಎಂದು 2002ರಲ್ಲಿ ಸಾಧಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಅದು ದೊಡ್ಡ ಸಾಧನೆ. ಆದರೂ ನಮ್ಮ ಬಳಗದ ಸಂಖ್ಯೆಗಳಿಗೆ ಲೂಕಾನ ಪರೀಕ್ಷೆಯಷ್ಟು ಬೇಗ ಯಾವುದೂ ಆಗುವುದಿಲ್ಲ.

ಬಹುಮಾನ ಬೇಕಾದರೆ ಘಾತಾಂಕ 33 ಕೋಟಿ 21 ಲಕ್ಷ ದಾಟಬೇಕು. ಅಂದರೆ ಹತ್ತು ಕೋಟಿ ಅಂಕಿಗಳ ಸಂಖ್ಯೆಯನ್ನು ಮೂವತ್ತಮೂರು ಕೋಟಿಗೂ ಹೆಚ್ಚು ಸಲ ವರ್ಗಿಸಬೇಕು. ಅದೂ ಒಂದೇ ಒಂದು ಸಂಖ್ಯೆಯ ಪರೀಕ್ಷೆಗೆ. ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ, ಜಿಂಪ್ಸ್ ಎಂಬ ಅಂತರರಾಷ್ಟ್ರೀಯ ಯೋಜನೆಯವರು ಕೊಡುತ್ತಾರೆ. ಆದರೆ ಲ್ಯಾಪ್‌ಟಾಪ್ ಹಗಲೂ ರಾತ್ರಿ ಓಡಬೇಕು, ಮಗ ಒಪ್ಪಬೇಕು, ಮತ್ತು ಗೃಹಜ್ಯೋತಿಯ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕು.